ಮಾನಾ ಪೂಲ್ಸ್: ಕಾಲ್ನಡಿಗೆಯ ಸಫಾರಿಗೆ ಸಿದ್ಧರಾಗುವ ಬಗೆ

ಕಬಿನಿ, ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ಮಾಡಿ ರೂಢಿಯಾದವರಿಗೆ ಒಂದು ನಿಯಮ ಮೈಗೂಡಿರುತ್ತದೆ: ಜೀಪಿನಿಂದ ಕಾಲು ಕೆಳಗಿಡಬಾರದು. ಜಿಂಬಾಬ್ವೆಯ ಉತ್ತರ ಅಂಚಿನಲ್ಲಿ, ಜಾಂಬೆಜಿ ನದಿಯ ಬಲದಂಡೆಗೆ ಅಂಟಿಕೊಂಡಿರುವ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಆ ನಿಯಮವಿಲ್ಲ. ಆನೆ, ಸಿಂಹ, ಕಾಡೆಮ್ಮೆ (ಆಫ್ರಿಕದ ಬಫಲೊ) ಇರುವ ಕಾಡಿನಲ್ಲಿ ಪ್ರವಾಸಿಗರು ನಡೆದಾಡಲು ಅಧಿಕೃತವಾಗಿ ಅವಕಾಶ ಕೊಟ್ಟಿರುವ, ಮಾರ್ಗದರ್ಶಕರಿಲ್ಲದೆ ನಡೆಯುವುದನ್ನೂ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಅಪರೂಪದ ಉದ್ಯಾನ ಇದು. ಒಪ್ಪಿಗೆ ಇದೆ ಎಂದ ಮಾತ್ರಕ್ಕೆ ಹೊಸಬರು ಒಬ್ಬರೇ ನಡೆಯಬೇಕೆಂದು ನಾನು ಹೇಳಲಾರೆ. ಈ ಬರಹದಲ್ಲಿರುವುದು ಪರವಾನಗಿ ಪಡೆದ ಮಾರ್ಗದರ್ಶಕರ ಹಿಂದೆ, ಅವರಿಗೆ ಹೊರೆಯಾಗದಂತೆ, ಕಣ್ಣು ಕಿವಿ ತೆರೆದು ನಡೆಯಲು ಬೇಕಾದ ಸಿದ್ಧತೆ.

ಸ್ಥಳೀಯ ಶೋನಾ ಭಾಷೆಯಲ್ಲಿ ‘ಮಾನಾ’ ಎಂದರೆ ನಾಲ್ಕು. ಜಾಂಬೆಜಿ ತನ್ನ ಪಾತ್ರ ಬದಲಿಸಿದಾಗ ಹಿಂದೆ ಉಳಿದ ನಾಲ್ಕು ಮಡುಗಳಿಂದ ಈ ಹೆಸರು ಬಂದಿದೆ. ಅವುಗಳಲ್ಲಿ ದೊಡ್ಡದಾದ ಲಾಂಗ್ ಪೂಲ್‌ನಲ್ಲಿ ಮೊಸಳೆ, ನೀರಾನೆಗಳು ವರ್ಷವಿಡೀ ಇರುತ್ತವೆ. ಸುಮಾರು 2,196 ಚದರ ಕಿಲೊಮೀಟರ್ ವಿಸ್ತಾರದ ಈ ಉದ್ಯಾನವನ್ನು ಪಕ್ಕದ ಸಾಪಿ ಮತ್ತು ಚೆವೊರೆ ಪ್ರದೇಶಗಳೊಡನೆ ಸೇರಿಸಿ ಯುನೆಸ್ಕೊ 1984ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಎದುರು ದಡದಲ್ಲಿರುವುದು ಜಾಂಬಿಯಾದ ಲೋವರ್ ಜಾಂಬೆಜಿ ರಾಷ್ಟ್ರೀಯ ಉದ್ಯಾನ. ಎರಡರ ನಡುವೆ ಬೇಲಿಯಿಲ್ಲ, ನದಿಯಷ್ಟೇ ಇದೆ, ಮತ್ತು ಆನೆಗಳು ಅದನ್ನು ಈಜಿ ದಾಟುತ್ತವೆ.

ಹೊರಡುವ ಮುನ್ನ ನಿರೀಕ್ಷೆಗಳನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು. ಮಾನಾ ಪೂಲ್ಸ್‌ನಲ್ಲಿ ಜಿರಾಫೆ ಇಲ್ಲ. ಒಂದು ಕಾಲದಲ್ಲಿ ಈ ಕಣಿವೆಯ ಹೆಮ್ಮೆಯಾಗಿದ್ದ ಕಪ್ಪು ಘೇಂಡಾಮೃಗಗಳು 1980ರ ದಶಕದಲ್ಲಿ ಕಳ್ಳಬೇಟೆಗೆ ಬಲಿಯಾದವು, ಅಳಿದುಳಿದವನ್ನು ಬೇರೆಡೆಗೆ ಸಾಗಿಸಲಾಯಿತು. ಆದ್ದರಿಂದ ಆನೆ, ಸಿಂಹ, ಚಿರತೆ, ಕಾಡೆಮ್ಮೆ, ಘೇಂಡಾಮೃಗ ಎಂಬ ಐದು ದೊಡ್ಡ ಪ್ರಾಣಿಗಳ ಪಟ್ಟಿ ಹಿಡಿದು ಗುರುತು ಹಾಕುತ್ತಾ ಹೋಗುವವರಿಗೆ ಬೇರೆ ಉದ್ಯಾನಗಳೇ ಮೇಲು. ಒಂದೇ ಆನೆಯನ್ನು ಅರ್ಧ ಗಂಟೆ ಕುಳಿತು ನೋಡುವ ತಾಳ್ಮೆ ಇರುವವರಿಗೆ ಇಲ್ಲಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಕಾಲವನ್ನು ಆರಿಸುವುದು ಮೊದಲ ಕೆಲಸ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ, ಆಗ ಒಳರಸ್ತೆಗಳು ಕೆಸರಾಗಿ ವಾಹನ ಹೂತುಹೋಗುತ್ತದೆ. ಜೂನ್, ಜುಲೈಗಳಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಮುಂಜಾನೆ ನದಿಯ ಮೇಲೆ ಬೀಸುವ ಗಾಳಿಗೆ ಸ್ವೆಟರ್ ಇಲ್ಲದೆ ನಡೆಯದು. ಒಣಗಾಲ ಮುಂದುವರಿದಂತೆ ಒಳನಾಡಿನ ನೀರು ಬತ್ತಿ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಪ್ರಾಣಿಗಳೆಲ್ಲ ನದಿಯಂಚಿಗೆ ಬಂದು ಸೇರುತ್ತವೆ. ಅಕ್ಟೋಬರಿನ ಬಿಸಿಲು 40 ಡಿಗ್ರಿ ದಾಟುವುದರಿಂದ, ವಯಸ್ಸಾದವರನ್ನು ಕರೆದೊಯ್ಯುವವರು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರಗಳನ್ನು ಆರಿಸಿಕೊಳ್ಳುವುದು ಸೂಕ್ತ.

ಬೆಂಗಳೂರಿನಿಂದ ಹೊರಟವರು ಅಡಿಸ್ ಅಬಾಬ, ನೈರೋಬಿ ಅಥವಾ ದುಬೈಯಲ್ಲಿ ವಿಮಾನ ಬದಲಿಸಿ ಹರಾರೆ ತಲುಪಬಹುದು. ಅಲ್ಲಿಂದ ಮುಂದೆ ಎರಡು ದಾರಿಗಳಿವೆ. ಚಿಕ್ಕ ವಿಮಾನದಲ್ಲಿ ಉದ್ಯಾನದೊಳಗಿನ ಮಣ್ಣಿನ ಓಡುದಾರಿಗೆ ಇಳಿಯುವುದಾದರೆ ಒಬ್ಬರಿಗೆ 15ರಿಂದ 20 ಕಿಲೊ ಸಾಮಾನು ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿರಬೇಕು. ಚಕ್ರದ ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ರಸ್ತೆಯಲ್ಲಿ ಹೋಗುವವರು ಚಿನ್ಹೊಯಿ, ಕರೋಯಿ, ಮಕುಟಿ ದಾಟಿ, ಮರೊಂಗೊರಾದ ಕಚೇರಿಯಲ್ಲಿ ಪ್ರವೇಶಪತ್ರ ಪಡೆದು, ಘಟ್ಟ ಇಳಿದ ಮೇಲೆ ಹೆದ್ದಾರಿಯಿಂದ ಬಲಕ್ಕೆ ತಿರುಗಬೇಕು. ಅಲ್ಲಿಂದ ನ್ಯಾಮೆಪಿ ಶಿಬಿರದವರೆಗಿನ ಮಣ್ಣಿನ ರಸ್ತೆ ಮಡಿಕೆ ಹಾಕಿದ ತಗಡಿನ ಹಾಳೆಯಂತೆ ಏರಿಳಿಯುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು, ಫೋರ್ ವೀಲ್ ಡ್ರೈವ್ ವಾಹನದಲ್ಲಿ ಹೋಗಿ. ಉದ್ಯಾನದೊಳಗೆ ಪೆಟ್ರೋಲಾಗಲಿ, ಅಂಗಡಿಯಾಗಲಿ ಇಲ್ಲ. ಕರೋಯಿಯಲ್ಲೇ ಟ್ಯಾಂಕ್ ತುಂಬಿಸಿ, ಉದ್ಯಾನದೊಳಗಿನ ಓಡಾಟಕ್ಕೂ ಮರಳಿ ಬರುವುದಕ್ಕೂ ಸಾಲುವಷ್ಟು ಇಂಧನವನ್ನು ಕ್ಯಾನುಗಳಲ್ಲಿ ಹೊತ್ತುಕೊಳ್ಳಬೇಕು. ಶಿಬಿರದ ತಾಣವನ್ನು ಜಿಂಬಾಬ್ವೆಯ ಉದ್ಯಾನ ಪ್ರಾಧಿಕಾರದಲ್ಲಿ ತಿಂಗಳುಗಳ ಮೊದಲೇ ಕಾದಿರಿಸಬೇಕು. ದಕ್ಷಿಣದ ಘಟ್ಟದ ಬುಡದಲ್ಲಿರುವ ಚಿಟಾಕೆ ಬುಗ್ಗೆಯ ಬಳಿಯ ತಾಣಗಳ ಬಗ್ಗೆ ರೋಚಕ ಕಥೆಗಳನ್ನು ಕೇಳಿ ಮರುಳಾಗಬೇಡಿ. ಯಾವ ಸೌಕರ್ಯವೂ ಇಲ್ಲದ, ಸಿಂಹಗಳು ಕಾಡೆಮ್ಮೆಗಳಿಗಾಗಿ ಹೊಂಚುಹಾಕುವ ಆ ಜಾಗ ಮೊದಲ ಸಲ ಹೋಗುವವರಿಗಲ್ಲ.

ನಮ್ಮವರು ಬುತ್ತಿ ಕಟ್ಟುವಾಗ ಗಮನಿಸಬೇಕಾದ ವಿಷಯವೊಂದಿದೆ. ಕಿತ್ತಳೆ, ಮೂಸಂಬಿ, ನಿಂಬೆ ಜಾತಿಯ ಯಾವ ಹಣ್ಣನ್ನೂ ಉದ್ಯಾನದೊಳಗೆ ತರುವಂತಿಲ್ಲ. ಹಿಂದೆ ಪ್ರವಾಸಿಗರು ಕೊಟ್ಟ ಕಿತ್ತಳೆಯ ರುಚಿ ಹತ್ತಿದ ಆನೆಗಳು ವಾಸನೆ ಹಿಡಿದು ಬಂದು ವಾಹನ, ಡೇರೆಗಳನ್ನು ಒಡೆದವು. ಹಾಗೆ ಕಲಿತ ಆನೆಯ ಗತಿ ಕೊನೆಗೆ ಗುಂಡೇಟಿನಲ್ಲಿ ಮುಗಿಯುತ್ತದೆ. ಚಿತ್ರಾನ್ನಕ್ಕೆಂದು ನಾಲ್ಕು ನಿಂಬೆಹಣ್ಣನ್ನು ಚೀಲದ ಮೂಲೆಗೆ ತುರುಕುವ ಅಭ್ಯಾಸವಿದ್ದರೆ ಅದನ್ನು ಹರಾರೆಯಲ್ಲೇ ಬಿಡಿ, ನಿಂಬೆಯ ಉಪ್ಪಿನಕಾಯಿಯನ್ನೂ ಜೊತೆಗೆ ಬಿಡುವುದು ಲೇಸು. ಅವಲಕ್ಕಿ, ಚಟ್ನಿಪುಡಿ, ಹುರಿದ ರವೆಗೆ ಅಡ್ಡಿಯಿಲ್ಲ.

ಬಟ್ಟೆಯ ಬಣ್ಣವೂ ಇಲ್ಲಿ ಆರೋಗ್ಯದ ಪ್ರಶ್ನೆಯೇ. ಒಳಭಾಗದ ಮೊಪಾನೆ ಮರಗಳ ಕಾಡಿನಲ್ಲಿ ತ್ಸೆತ್ಸೆ ನೊಣಗಳಿವೆ. ಚಲಿಸುವ ವಾಹನವನ್ನು ಬೆನ್ನಟ್ಟಿ ಬರುವ ಇವು ನೀಲಿ ಮತ್ತು ಕಪ್ಪು ಬಣ್ಣಗಳಿಗೆ ಮುಗಿಬೀಳುತ್ತವೆ. ನೊಣ ಹಿಡಿಯಲು ಅಲ್ಲಲ್ಲಿ ತೂಗುಹಾಕಿರುವ ಬೋನುಗಳನ್ನು ಅದೇ ಬಣ್ಣಗಳ ಬಟ್ಟೆಯಲ್ಲಿ ಹೊಲಿಯುವುದನ್ನು ನೋಡಿದರೆ ಮಾತು ಮನದಟ್ಟಾಗುತ್ತದೆ. ಜೀನ್ಸ್ ಪ್ಯಾಂಟನ್ನು ಮನೆಯಲ್ಲಿಟ್ಟು ಮಣ್ಣಿನ ಬಣ್ಣದ ದಪ್ಪ ಹತ್ತಿ ಬಟ್ಟೆಗಳನ್ನು ಒಯ್ಯಿರಿ. ಇವು ಹರಡುವ ನಿದ್ರಾರೋಗ ಪ್ರವಾಸಿಗರಿಗೆ ತಗುಲುವುದು ವಿರಳವಾದರೂ ಇಲ್ಲವೆನ್ನುವಂತಿಲ್ಲ. ಮಲೇರಿಯಾ ಮಾತ್ರ ವಿರಳವಲ್ಲ. ಹೊರಡುವ ಹಲವು ವಾರ ಮೊದಲೇ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬರೆಸಿಕೊಂಡು, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಇಥಿಯೋಪಿಯಾ, ಕೀನ್ಯಾಗಳ ಮೂಲಕ ಹೋಗಿಬರುವವರು ಹಳದಿ ಜ್ವರದ ಲಸಿಕೆಯ ನಿಯಮವನ್ನೂ ವಿಚಾರಿಸಿಕೊಳ್ಳಬೇಕು; ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ.

ಇನ್ನು ನಡಿಗೆಗೆ ಬರೋಣ. ಜಿಂಬಾಬ್ವೆಯ ವೃತ್ತಿಪರ ಮಾರ್ಗದರ್ಶಕರ ಪರೀಕ್ಷೆ ಆಫ್ರಿಕದಲ್ಲೇ ಕಠಿಣವೆಂದು ಹೆಸರಾದದ್ದು; ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಕಲಿತು, ಬಂದೂಕಿನ ಪರೀಕ್ಷೆಯಲ್ಲೂ ತೇರ್ಗಡೆಯಾದವರಿಗಷ್ಟೇ ಪೂರ್ಣ ಪರವಾನಗಿ ಸಿಗುತ್ತದೆ. ನಿಮ್ಮನ್ನು ನಡೆಸುವವರ ಬಳಿ ಕಾಲ್ನಡಿಗೆಗೆ ಸಲ್ಲುವ ಪರವಾನಗಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೊರಡುವ ಮುನ್ನ ಅವರು ಬೂದಿ ತುಂಬಿದ ಪುಟ್ಟ ಬಟ್ಟೆಯ ಚೀಲವೊಂದನ್ನು ಬೆರಳಿನಿಂದ ತಟ್ಟುತ್ತಾರೆ. ಎದ್ದ ಬಿಳಿ ಹುಡಿ ಕ್ಷಣಕಾಲ ನಿಂತು, ಮೆಲ್ಲಗೆ ಒಂದು ಕಡೆಗೆ ಸರಿಯುತ್ತದೆ. ಅದು ಸರಿದ ದಿಕ್ಕಿನಲ್ಲಿರುವ ಪ್ರಾಣಿಗಳಿಗೆಲ್ಲ ನಿಮ್ಮ ಬರವು ಆಗಲೇ ತಿಳಿದಿರುತ್ತದೆ. ಆದ್ದರಿಂದ ಗಾಳಿಗೆ ಮುಖಮಾಡಿ ನಡೆಯುವುದು ನಿಯಮ. ಗಾಳಿ ದಿಕ್ಕು ಬದಲಿಸಿದರೆ, ಎದುರಿಗೆ ಎಂಥ ಸಿಂಹವೇ ಇದ್ದರೂ, ಅವರು ದಾರಿ ಬದಲಿಸುತ್ತಾರೆ, ಮತ್ತು ನೀವು ಗೊಣಗದೆ ಹಿಂಬಾಲಿಸಬೇಕು. ಸೆಂಟು, ವಾಸನೆಯ ಎಣ್ಣೆ ಬೇಡವೆನ್ನುವುದು ಇದೇ ಕಾರಣಕ್ಕೆ.

ನಡೆಯುವುದು ಒಬ್ಬರ ಹಿಂದೊಬ್ಬರಾಗಿ, ಮಾತಿಲ್ಲದೆ. ಏನಾದರೂ ಕಂಡರೆ ಕೂಗಬಾರದು, ಬಾಯಲ್ಲಿ ಸಣ್ಣಗೆ ಲೊಚಗುಟ್ಟಿದರೆ ಅಥವಾ ಬೆರಳು ಚಿಟಿಕೆ ಹಾಕಿದರೆ ಸಾಕು. ಬೆದರಿಕೆ ಎದುರಾದಾಗ ಓಡಬಾರದು ಎಂಬ ಮಾತನ್ನು ಎಲ್ಲರೂ ತಲೆಯಾಡಿಸಿ ಒಪ್ಪುತ್ತಾರೆ, ಆದರೆ ಕಾಲುಗಳು ಒಪ್ಪಬೇಕಲ್ಲ! ಹಾಗಾಗಿ ಹೊರಡುವ ಮೊದಲೇ, ಮಾರ್ಗದರ್ಶಕರು ‘ನಿಲ್ಲಿ’ ಎಂದಾಗ ಅವರ ಬೆನ್ನ ಹಿಂದೆ ಒಟ್ಟಾಗಿ ನಿಲ್ಲುವುದನ್ನು ಎರಡು ಮೂರು ಬಾರಿ ಅಭ್ಯಾಸ ಮಾಡಿಸುವಂತೆ ಕೇಳಿಕೊಳ್ಳಿ.

ಹೆಜ್ಜೆಗುರುತು ಓದುವುದನ್ನು ಅವರಿಂದ ಕಲಿಯಬಹುದು. ಆನೆಯ ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಮೊಟ್ಟೆಯಾಕಾರ. ಸಿಂಹದ ಗುರುತಿನಲ್ಲಿ ಉಗುರು ಕಾಣುವುದಿಲ್ಲ, ಕತ್ತೆಕಿರುಬದಲ್ಲಿ ಕಾಣುತ್ತದೆ. ನೀರಾನೆಯ ದಾರಿಯಲ್ಲಿ ಎರಡು ಸಾಲು ತಗ್ಗು, ನಡುವೆ ಹುಲ್ಲಿನ ದಿಂಡು ಇರುತ್ತದೆ, ಎತ್ತಿನಗಾಡಿ ಹೋದ ಜಾಡಿನಂತೆ. ಬೆಳಗಿನ ಹೊತ್ತು ಮೇವು ಮುಗಿಸಿ ನೀರಿಗೆ ಮರಳುವ ನೀರಾನೆಗೂ ನದಿಗೂ ನಡುವೆ ಸಿಕ್ಕಿಬೀಳುವುದು ಇಲ್ಲಿನ ದೊಡ್ಡ ಅಪಾಯಗಳಲ್ಲೊಂದಾದ್ದರಿಂದ ಆ ಜಾಡಿನ ಮೇಲೆ ಸುಮ್ಮನೆ ನಿಲ್ಲಬಾರದು. ನಮ್ಮ ಕಾಡಿನಲ್ಲಿ ಮುಸುವ, ಕಡವೆಗಳ ಎಚ್ಚರಿಕೆಯ ಕೂಗನ್ನು ಗುರುತಿಸಬಲ್ಲವರಿಗೆ ಇಲ್ಲಿಯ ಪಾಠ ಸುಲಭ: ಬಬೂನ್ ಬೊಗಳಿದರೆ, ಇಂಪಾಲ ಜಿಂಕೆಗಳ ಹಿಂಡು ಒಂದೇ ಕಡೆ ನೋಡುತ್ತ ಸೀನಿದಂತೆ ಸದ್ದು ಮಾಡಿದರೆ, ಆ ಕಡೆ ಬೇಟೆಗಾರನಿರುತ್ತಾನೆ.

ಮಾನಾ ಪೂಲ್ಸ್‌ನ ಹೆಸರು ಹರಡಿರುವುದು ಆನೆಗಳಿಂದ, ಆನೆಗಳು ದಡದಲ್ಲಿ ನೆರೆಯುವುದು ಆಲ್ಬಿಡ ಮರಗಳಿಂದ. ನಮ್ಮ ಜಾಲಿಯ ದೂರದ ನೆಂಟನಾದ ಈ ಮರದ ನಡತೆ ತಿರುವುಮುರುವು: ಮಳೆಗಾಲದಲ್ಲಿ ಎಲೆ ಉದುರಿಸಿ, ಸುತ್ತಲಿನ ಕಾಡೆಲ್ಲ ಒಣಗಿ ನಿಂತಾಗ ಹಸಿರಾಗಿರುತ್ತದೆ. ಒಣಗಾಲದ ಕೊನೆಗೆ ಕೋಡುಬಳೆಯಂತೆ ಸುರುಳಿ ಸುತ್ತಿದ ಕೇಸರಿಗಂದು ಬಣ್ಣದ ಕಾಯಿಗಳು ಉದುರತೊಡಗಿದಾಗ, ಆನೆ, ಇಂಪಾಲ, ಬಬೂನ್‌ಗಳೆಲ್ಲ ಒಂದೇ ನೆರಳಿಗೆ ಬರುತ್ತವೆ. ಇಲ್ಲಿಯ ಕೆಲವು ಸಲಗಗಳು ಎತ್ತರದ ಕೊಂಬೆಗಾಗಿ ಹಿಂಗಾಲುಗಳ ಮೇಲೆ ಎದ್ದು ನಿಲ್ಲುವುದನ್ನು ಕಲಿತಿವೆ. ಐದಾರು ಟನ್ ತೂಕದ ದೇಹ ಮೊದಲು ಸ್ವಲ್ಪ ಹಿಂದಕ್ಕೆ ಸರಿದು, ತೂಕವನ್ನು ಹಿಂಗಾಲುಗಳಿಗೆ ಒಪ್ಪಿಸಿ, ಸೊಂಡಿಲನ್ನು ಏಣಿಯಂತೆ ಚಾಚುತ್ತಾ ಏಳುತ್ತದೆ. ಕೊಂಬೆ ಲಟಕ್ಕನೆ ಮುರಿದ ಮೇಲೆ ಸದ್ದಿಲ್ಲದೆ ಇಳಿಯುತ್ತದೆ. ಇದನ್ನು ನೋಡಲು ಅದರ ಹತ್ತಿರ ಹೋಗಬೇಕಾಗಿಲ್ಲ. ಮರದ ಬುಡವೋ ಹುತ್ತವೋ ಬೆನ್ನಿಗಿರುವಂತೆ ಕುಳಿತು, ಆನೆಗೆ ಇಷ್ಟಬಂದರೆ ಅದೇ ಹತ್ತಿರ ಬರಲಿ ಎಂದು ಬಿಡುವುದೇ ಸರಿಯಾದ ಕ್ರಮ.

ಆನೆ ಕಿವಿ ಅಗಲಿಸಿ, ತಲೆಯೆತ್ತಿ, ಘೀಳಿಟ್ಟು ನುಗ್ಗಿದರೆ ಬಹುಪಾಲು ಅದು ಬೆದರಿಸುವ ಓಟ, ನಡುವೆ ನಿಲ್ಲುತ್ತದೆ. ಕಿವಿಯನ್ನು ಹಿಂದಕ್ಕೆ ಒತ್ತಿ, ಸೊಂಡಿಲು ಮಡಚಿ, ತಲೆ ತಗ್ಗಿಸಿ, ಸದ್ದಿಲ್ಲದೆ ಬಂದರೆ ನಿಜವಾದ ದಾಳಿ. ಕಪೋಲದ ತೇವವನ್ನೇ ಮದವೆಂದು ತಿಳಿಯಬೇಡಿ. ಆಫ್ರಿಕದ ಆನೆಗಳಲ್ಲಿ ಹೆಣ್ಣಿಗೂ ಮರಿಗೂ ಗಾಬರಿಯಾದಾಗ ಅದು ಒಸರುತ್ತದೆ. ಹಿಂಗಾಲುಗಳ ಒಳಭಾಗ ಮೂತ್ರದಿಂದ ತೊಯ್ದಿರುವ, ಘಾಟು ವಾಸನೆಯ ಸಲಗ ಕಂಡರೆ ಮಾತ್ರ ಸುತ್ತುಬಳಸಿ ದೂರ ಹೋಗಬೇಕು.

ನನ್ನ ಮಟ್ಟಿಗೆ ಆನೆಗಿಂತ ಹೆಚ್ಚು ಹೆದರಬೇಕಾದದ್ದು ಹಿಂಡು ಬಿಟ್ಟ ಮುದಿ ಗಂಡು ಕಾಡೆಮ್ಮೆಗೆ. ನಮ್ಮ ಕಾಟಿಯಂತೆ ಇದು ದಿಟ್ಟಿಸಿ ನೋಡಿ ಪೊದೆಗೆ ಸರಿದುಹೋಗುತ್ತದೆಂದು ನಂಬಿ ಮುಂದುವರಿಯಬಾರದು. ಪೊದೆಯೊಳಗೆ ಮಲಗಿರುವ ಅದು ಕಾಣದಿದ್ದರೂ, ಅದರ ಬೆನ್ನ ಮೇಲೆ ಕೂತು ಉಣ್ಣೆ ಹೆಕ್ಕುವ ಹಕ್ಕಿಗಳು ಚರ್‍ರೆಂದು ಕಿರುಚಿ ಮೇಲೆದ್ದರೆ, ಎಚ್ಚರಿಕೆ ಸಿಕ್ಕಿತೆಂದೇ ತಿಳಿದು ಹಿಂದೆ ಸರಿಯಬೇಕು. ಸಿಂಹದ ಎದುರು ಮುಖ ತಿರುಗಿಸದೆ, ಒಟ್ಟಾಗಿ, ನಿಧಾನವಾಗಿ ಹಿಮ್ಮೆಟ್ಟಬೇಕು.

ಬಣ್ಣದ ಕಾಡುನಾಯಿಗಳು ನಮ್ಮ ಸೀಳುನಾಯಿಗಳಂತೆಯೇ ಗುಂಪಾಗಿ ಬೇಟೆಯಾಡುವಂಥವು. ನಡೆದು ಬರುವ ಮನುಷ್ಯರನ್ನು ಅವು ಅಷ್ಟಾಗಿ ಲೆಕ್ಕಿಸದಿರುವುದರಿಂದ ನೆಲದ ಮೇಲೆ ಮಲಗಿ ಅವುಗಳ ಕಣ್ಣಿನ ಮಟ್ಟದಲ್ಲಿ ಚಿತ್ರ ತೆಗೆಯಲು ಇಲ್ಲಿ ಸಾಧ್ಯ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅವು ಬಿಲದಲ್ಲಿ ಮರಿ ಇಟ್ಟುಕೊಂಡಿರುತ್ತವೆ. ಜನ ಮುತ್ತಿದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ, ಆ ದಾರಿಯಲ್ಲಿ ಸಿಂಹ, ಕತ್ತೆಕಿರುಬಗಳಿವೆ. ಬಿಲದ ಬಳಿಗೆ ಕರೆದೊಯ್ಯುತ್ತೇನೆಂದು ಆಸೆ ಹುಟ್ಟಿಸುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿ.

ದೋಣಿಯಲ್ಲಿ ಹೋಗುವುದು ಇನ್ನೊಂದು ಬಗೆ. ಇಬ್ಬರು ಕೂರುವ ಕೆನೂವಿನಲ್ಲಿ ಪ್ರವಾಹದ ಜೊತೆಗೇ ಇಳಿಯುವುದರಿಂದ ತೋಳಿಗೆ ಶ್ರಮವಿಲ್ಲ, ಗಮನಕ್ಕೆ ಮಾತ್ರ ಬಿಡುವಿಲ್ಲ. ಗಾಬರಿಯಾದ ನೀರಾನೆ ಆಳಕ್ಕೆ ಓಡುತ್ತದೆ, ಆದ್ದರಿಂದ ಆಳದ ಹರಿವನ್ನು ಅದಕ್ಕೆ ಬಿಟ್ಟು ದೋಣಿಗಳು ದಡದ ತೆಳುನೀರಿನಲ್ಲೇ ಸಾಗಬೇಕು. ಮುಂದಿನ ದೋಣಿಯ ಮಾರ್ಗದರ್ಶಕರು ಹುಟ್ಟಿನಿಂದ ದೋಣಿಯ ಪಕ್ಕವನ್ನು ಟಕಟಕನೆ ಬಡಿದು, ಮುಳುಗಿರುವವು ತಲೆ ಎತ್ತುವವರೆಗೆ ಕಾದು, ಎಣಿಸಿ ಮುಂದೆ ಹೋಗುತ್ತಾರೆ. ಐದು ನೀರಾನೆ ಇದ್ದಲ್ಲಿ ನಾಲ್ಕೇ ತಲೆ ಕಂಡರೆ ಕಾಯಬೇಕು. ಕೈಯನ್ನು ನೀರಿಗಿಳಿಸಬಾರದು. ದಡದಲ್ಲಿ ಪಾತ್ರೆ ತೊಳೆಯುವುದು, ಕಾಲು ತೊಳೆಯುವುದು, ದಿನವೂ ಒಂದೇ ಜಾಗದಲ್ಲಿ ನೀರು ತುಂಬುವುದು ಮೊಸಳೆಗೆ ವೇಳಾಪಟ್ಟಿ ಬರೆದುಕೊಟ್ಟಂತೆ.

ಶಿಬಿರಗಳಿಗೆ ಬೇಲಿಯಿಲ್ಲ. ರಾತ್ರಿ ಆಹಾರವನ್ನೆಲ್ಲ ವಾಹನದೊಳಗೆ ಬೀಗ ಹಾಕಿಟ್ಟು, ಡೇರೆಯ ಜಿಪ್ ಪೂರ್ತಿ ಎಳೆದುಕೊಂಡೇ ಮಲಗಬೇಕು. ಸೆಕೆಯೆಂದು ಸೊಳ್ಳೆಪರದೆಯಡಿ ಬಯಲಲ್ಲಿ ಮಲಗುವುದು ಕತ್ತೆಕಿರುಬಗಳಿರುವ ಈ ಕಾಡಿನಲ್ಲಿ ಮೂರ್ಖತನ. ಶೂಗಳನ್ನು ಒಳಗಿಡಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ನಡುರಾತ್ರಿ ಹೊರಗೆ ಹೋಗಲೇಬೇಕಾದರೆ ಮೊದಲು ಒಳಗಿನಿಂದಲೇ ಟಾರ್ಚ್ ಬೀಸಿ ಸುತ್ತಲೂ ನೋಡಬೇಕು, ಒಂದು ಜೊತೆ ಕಣ್ಣು ಹೊಳೆದರೂ ಬೆಳಗಾಗುವವರೆಗೆ ತಡೆದುಕೊಳ್ಳಬೇಕು. ಡೇರೆಯ ಪಕ್ಕದಲ್ಲೇ ಆನೆ ಕಾಯಿ ಜಗಿಯುವ ಸದ್ದು ಕೇಳಿದರೆ ಅಲುಗಾಡದೆ ಮಲಗಿರಿ, ಹಗ್ಗಗಳನ್ನು ಎಡವದೆ ಹೋಗುವುದು ಅದಕ್ಕೆ ಗೊತ್ತು.

ಊರಿಗೆ ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಜಾಂಬೆಜಿ ಕಣಿವೆಗೆ ಹೋಗಿದ್ದಿರೆಂದು ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ. ತ್ಸೆತ್ಸೆ ಕಚ್ಚಿದ ಜಾಗದಲ್ಲಿ ನೋಯುವ ಗಂಟು ಎದ್ದಿದ್ದರೆ ಅದನ್ನೂ ತೋರಿಸಿ.