ಊಟಿ ಹತ್ತಿದ ಬಾಯ್ಲರ್‌ಗೆ ಮಸಿ ಯಾಕೆ? ಗ್ಯಾಸ್ ಬರ್ನರ್ ಸರ್ವಿಸ್ ಮಾಡೋದು ಹೀಗೆ

ಮಂಗಳೂರಿನ ಲಾಡ್ಜ್ ಒಂದ್ರಲ್ಲಿ ಆರು ವರ್ಷ ತಕರಾರಿಲ್ದೆ ನೀರು ಕಾಯಿಸ್ತಿದ್ದ ಗ್ಯಾಸ್ ಬಾಯ್ಲರ್‌ನ ನಮ್ಮ ಪರಿಚಯದೋರು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ಊಟಿಗೆ ಸಾಗಿಸಿದ್ರು. ಎರಡೇ ವಾರ, ಉರಿ ಹಳದಿ, ಚಿಮಣಿ ತುಂಬಾ ಮಸಿ, ಬೆಳಿಗ್ಗೆ ಆರಕ್ಕೆ ಗೆಸ್ಟ್‌ಗಳು ಬಕೆಟ್ ಹಿಡ್ಕೊಂಡು ರಿಸೆಪ್ಷನ್ ಮುಂದೆ. ಮೆಕ್ಯಾನಿಕ್ ಬಂದ, ಉರಿ ಸಾಲ್ತಿಲ್ಲ ಸಾರ್ ಅಂದ, ಜೆಟ್ ಅಂದ್ರೆ ಬರ್ನರ್‌ಗೆ ಗ್ಯಾಸ್ ಚಿಮ್ಮೋ ಸಣ್ಣ ಮೂತಿ, ಅದರ ತೂತಿಗೆ ಸಣ್ಣ ಡ್ರಿಲ್ ಬಿಟ್ಟು ದೊಡ್ಡದು ಮಾಡಿ ದುಡ್ಡು ಇಸ್ಕೊಂಡು ಹೋದ. ಮಸಿ ಡಬಲ್ ಆಯ್ತು. ಮಾಡ್ಬೇಕಿದ್ದದ್ದು ಪೂರ್ತಿ ಉಲ್ಟಾ.

ಯಾಕೆ ಅಂದ್ರೆ ಒಂದು ಲೋಟ ಪ್ರೊಪೇನ್ ಸರಿಯಾಗಿ ಉರಿಯೋಕೆ ಸುಮಾರು 24 ಲೋಟ ಗಾಳಿ ಬೇಕು, ಬ್ಯುಟೇನ್‌ಗೆ 31, ನಮ್ಮ ಎಲ್‌ಪಿಜಿ ಇವೆರಡರ ಮಿಶ್ರಣ. ಊಟಿ ಇರೋದು 2,240 ಮೀಟರ್ ಮೇಲೆ, ಅಲ್ಲಿ ಗಾಳಿಯ ಒತ್ತಡ ಸಮುದ್ರದ ಮಟ್ಟಕ್ಕೆ ಹೋಲಿಸಿದ್ರೆ ಬರೀ 76 ಪರ್ಸೆಂಟ್, ಹಾಗಾಗಿ ಬರ್ನರ್ ಅಷ್ಟೇ ಗಾಳಿ ಎಳ್ಕೊಂಡ್ರೂ ಅದ್ರಲ್ಲಿ ಆಕ್ಸಿಜನ್ ಕಾಲು ಭಾಗ ಕಮ್ಮಿ. ಗ್ಯಾಸ್ ಹರಿವೂ ಮೇಲೆ ಹೋದಂಗೆ ತಾನಾಗೇ ಸ್ವಲ್ಪ ತಗ್ಗುತ್ತೆ, ಆದ್ರೆ ಗಾಳಿಯಷ್ಟು ತಗ್ಗಲ್ಲ, ಅಲ್ಲೇ ಎಡವಟ್ಟು. ಮಡಿಕೇರಿಯಲ್ಲಿ 87 ಪರ್ಸೆಂಟ್, ನಮ್ಮ ಬೆಂಗಳೂರಲ್ಲೂ 90ರ ಆಸುಪಾಸು, ಬೆಂಗಳೂರನ್ನ ಯಾರೂ ಬೆಟ್ಟ ಅನ್ನಲ್ಲ ಅಷ್ಟೇ.

ಆದ್ರೂ ಎಲ್ಲಾ ಹಳದಿ ಉರಿಗೂ ಬೆಟ್ಟವೇ ಕಾರಣ ಅನ್ಕೋಬೇಡಿ, ಎಷ್ಟೋ ಕೇಸ್‌ಗಳು ಬರೀ ಕೊಳೆ. ಅದಕ್ಕೇ ಮೊದ್ಲು ಕ್ಲೀನಿಂಗ್.

ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಪೈಪಲ್ಲಿ ಉಳಿದಿರೋ ಗ್ಯಾಸ್ ಉರಿದು ಹೋಗ್ಲಿ, ಬಾಯ್ಲರ್ ಪೂರ್ತಿ ತಣ್ಣಗಾಗ್ಲಿ. ಕಿಟಕಿ ತೆಗೆದಿಟ್ರೆ ಸಾಕು ಅನ್ಕೋಬೇಡಿ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡ್ಕೊಂಡಿರುತ್ತೆ, ಬಾಗಿಲ ಕೆಳಗಡೆ ಗಾಳಿ ಹೋಗೋ ಕಿಂಡಿ ಇರ್ಲೇಬೇಕು. ವಾಸನೆ ಬಂದ್ರೆ ಲೈಟ್ ಸ್ವಿಚ್ ಹಾಕೋದೂ ಬೇಡ, ಆರಿಸೋದೂ ಬೇಡ. ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ನಾಲ್ಕು ಫೋಟೋ ತೆಗೀರಿ, ವಾಪಸ್ ಜೋಡಿಸೋವಾಗ ಗೊತ್ತಾಗುತ್ತೆ.

ಜೆಟ್ ಹಿತ್ತಾಳೆದು, ಮೆತ್ತಗಿರೋ ಲೋಹ, ಪಿನ್ನು ಸೂಜಿ ತುರುಕಿದ್ರೆ ತೂತು ಅಗಲ ಆಗುತ್ತೆ, ಓರೆನೂ ಆಗುತ್ತೆ. ಬಿಸಿ ಸೋಪ್ ನೀರಲ್ಲಿ ನೆನೆಸಿ, ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ, ಗಾಳಿ ಊದಿ, ಅಷ್ಟೇ. ಬರ್ನರ್ ಬೀಡಿಂದಾದ್ರೆ (ಎರಕದ ಕಬ್ಬಿಣ) ತಂತಿ ಬ್ರಷ್ ಹಾಕ್ಬಹುದು, ತೊಳೆದ್ರೆ ಬಿಸಿಲಲ್ಲಿ ಒಣಗ್ಲೇಬೇಕು. ಗಾಳಿ ಎಳ್ಕೊಳ್ಳೋ ಕೊಳವೆ ಒಳಗೆ ಟಾರ್ಚ್ ಬಿಟ್ಟು ನೋಡಿ, ನಾನು ನೋಡಿದ ಒಂದು ಬರ್ನರ್‌ನಲ್ಲಿ ಜೇಡ ಹತ್ತಿ ತುರುಕಿದಂಗೆ ಗೂಡು ಕಟ್ಟಿತ್ತು, ಇನ್ನೊಂದ್ರಲ್ಲಿ ಕಡಜದ ಮಣ್ಣು. ತೆಗೆದು ಹಾಕಿದ ತಕ್ಷಣ ಉರಿ ನೀಲಿ. ಪೈಲಟ್ ಉರಿ (ಬರ್ನರ್ ಹಚ್ಚೋಕೆ ಸದಾ ಉರೀತಿರೋ ಪುಟ್ಟ ಉರಿ) ಥರ್ಮೋಕಪಲ್ (ಉರಿ ಇದೆಯಾ ಅಂತ ಶಾಖದಿಂದ ಗುರುತಿಸೋ ಕಡ್ಡಿ) ತುದಿಯನ್ನ ಚೆನ್ನಾಗಿ ಸುತ್ಕೊಂಡಿರ್ಬೇಕು, ಇಲ್ಲಾಂದ್ರೆ ಪದೇ ಪದೇ ಆರುತ್ತೆ. ಜೋಡಿಸಿದ ಮೇಲೆ ಎಲ್ಲಾ ಜಾಯಿಂಟ್‌ಗೂ ಸೋಪ್ ನೊರೆ ಹಚ್ಚಿ, ಗುಳ್ಳೆ ಬಂತಾ ನೋಡಿ. ಬೆಂಕಿಕಡ್ಡಿ ಗೀರಿ ನೋಡೋರು ಇನ್ನೂ ಇದಾರೆ, ಅವ್ರಿಗೆ ದೂರದಿಂದ್ಲೇ ನಮಸ್ಕಾರ.

ಈಗ ಪ್ರೆಷರ್. ಲೋ ಪ್ರೆಷರ್ ಬರ್ನರ್ ಆದ್ರೆ ಸಾಮಾನ್ಯವಾಗಿ 30 ಮಿಲಿಬಾರ್ ಇರ್ಬೇಕು, ಯು ಆಕಾರದ ಪ್ಲಾಸ್ಟಿಕ್ ಟ್ಯೂಬಲ್ಲಿ ನೀರು ತುಂಬಿ ಟೆಸ್ಟ್ ಪಾಯಿಂಟ್‌ಗೆ (ಪ್ರೆಷರ್ ಅಳೆಯೋಕೆ ಬಿಟ್ಟಿರೋ ಮೂತಿ) ಹಾಕಿದ್ರೆ ಎರಡೂ ಕಡೆ ನೀರಿನ ಮಟ್ಟಕ್ಕೆ 30 ಸೆಂಟಿಮೀಟರ್ ವ್ಯತ್ಯಾಸ. ಬರ್ನರ್ ಉರೀತಾ ಇರೋವಾಗ್ಲೇ ಅಳೀಬೇಕು, ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ. ಶುರುವಿಗೆ ಸರಿ ಇದ್ದು ಆಮೇಲೆ ಇಳಿದ್ರೆ ತಪ್ಪು ಸಿಲಿಂಡರ್ದು, ಬ್ಯುಟೇನ್ ಸೊನ್ನೆ ಡಿಗ್ರಿ ಹತ್ರ ಆವಿ ಆಗೋದನ್ನೇ ನಿಲ್ಲಿಸ್ಬಿಡುತ್ತೆ, ಡಿಸೆಂಬರ್ ಊಟಿ ಚಳಿಗೆ ಒಂದೇ 19 ಕೆಜಿ ಸಿಲಿಂಡರ್ ಮೇಲೆ ದೊಡ್ಡ ಬಾಯ್ಲರ್ ಓಡಿಸಿದ್ರೆ ಮೈಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತೆ. ಅದಕ್ಕೆ ಬೆಂಕಿ ಕಾಯಿಸ್ಬೇಡಿ, ಎರಡು ಮೂರು ಸಿಲಿಂಡರ್ ಜೋಡಿಸಿ ಹಾಕಿಸಿ.

ಪ್ರೆಷರ್ ಸರಿ, ಕೊಳೆ ಇಲ್ಲ, ಏರ್ ಶಟರ್ (ಗಾಳಿ ಕೊಳವೆಯ ಬಾಯಿ ತೆಗೆದು ಮುಚ್ಚೋ ಮುಚ್ಚಳ) ಪೂರ್ತಿ ತೆಗೆದ್ರೂ ತುದಿ ಹಳದಿ, ಆಗ ಮಾತ್ರ ಬೆಟ್ಟದ ಲೆಕ್ಕಕ್ಕೆ ಬನ್ನಿ. (ಶಟರ್ ಜಾಸ್ತಿ ತೆಗೆದಾಗ ಉರಿ ಬರ್ನರ್ ಬಿಟ್ಟು ಮೇಲೆದ್ದು ಬುಸ್ಸ್ ಅಂದ್ರೆ ಸ್ವಲ್ಪ ಮುಚ್ಚಿ ಸ್ಕ್ರೂ ಟೈಟ್ ಮಾಡಿ.) ಅಮೆರಿಕದ ಗ್ಯಾಸ್ ಕೋಡಲ್ಲಿ ಹಳೇ ಲೆಕ್ಕ ಒಂದಿದೆ, 2,000 ಅಡಿ ದಾಟಿದ್ರೆ ಪ್ರತಿ 1,000 ಅಡಿಗೆ 4 ಪರ್ಸೆಂಟ್ ಉರಿ ತಗ್ಗಿಸಿ ಅಂತ, ಸಮುದ್ರ ಮಟ್ಟದಿಂದ್ಲೇ ಎಣಿಸ್ಬೇಕು. ಊಟಿ 7,350 ಅಡಿ, ಸುಮಾರು 29 ಪರ್ಸೆಂಟ್ ಆಯ್ತು. ನಿಮ್ಮ ಬಾಯ್ಲರ್ ಕಂಪನಿಯ ಪುಸ್ತಕದಲ್ಲಿ ಬೇರೆ ಕೊಟ್ಟಿದ್ರೆ ಅದೇ ಫೈನಲ್.

ತಗ್ಗಿಸೋದು ಚಿಕ್ಕ ಜೆಟ್ ಹಾಕಿ. ಎಷ್ಟೋ ಜೆಟ್‌ಗಳ ಮೇಲೆ ನಂಬರ್ ಇರುತ್ತೆ, 100 ಅಂದ್ರೆ 1 ಮಿಲಿಮೀಟರ್ ತೂತು, 90 ಅಂದ್ರೆ 0.9. ಬರೀ 10 ಪರ್ಸೆಂಟ್ ಚಿಕ್ಕದು ಅನ್ಸುತ್ತೆ, ಆದ್ರೆ ಗ್ಯಾಸ್ 19 ಪರ್ಸೆಂಟ್ ಕಮ್ಮಿ ಬರುತ್ತೆ, ಅದಕ್ಕೇ ಅಂದಾಜಲ್ಲಿ ಹಾಕೋ ಕೆಲಸ ಅಲ್ಲ ಇದು, ಕಂಪನಿ ಪಟ್ಟಿ ನೋಡಿ ಅವರ ಟೆಕ್ನೀಷಿಯನ್ ಕೈಲೇ ಹಾಕಿಸಿ, ಚಿಮಣಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಮೀಟರ್ ಇಟ್ಟು ತೋರಿಸು ಅನ್ನಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮೂಗು ನಂಬ್ಕೊಂಡು ಕೂರೋ ಹಾಗಿಲ್ಲ.

ಕೆಲಸ ಸರಿ ಆಯ್ತಾ ಅಂತ ನೋಡೋಕೆ ಸಿಲಿಂಡರ್ ತೂಗೋವಷ್ಟು ದೊಡ್ಡ ತೂಕದ ಮಿಷಿನ್ ಸಾಕು. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ, ಹಾಗಾಗಿ 25 ಕಿಲೋವ್ಯಾಟ್ ಅಂತ ಪ್ಲೇಟ್ ಮೇಲಿದ್ರೆ ಮಂಗಳೂರಲ್ಲಿ ಗಂಟೆಗೆ 2 ಕೆಜಿ ಗ್ಯಾಸ್ ಹೋಗ್ಬೇಕು, ಊಟಿಯಲ್ಲಿ 1.4. ಸಿಲಿಂಡರ್ ತೂಕ ಹಾಕಿ, ಒಂದು ಗಂಟೆ ಉರಿಸಿ, ಮತ್ತೆ ತೂಕ ಹಾಕಿ. ನಮ್ಮ ಪರಿಚಯದೋರ ಬಾಯ್ಲರ್ ಡ್ರಿಲ್ ಬಿಟ್ಟ ಜೆಟ್ಟಲ್ಲಿ ಎರಡೂಕಾಲು ಕುಡೀತಿತ್ತು, ಹೊಸ ಜೆಟ್ಟಲ್ಲಿ 1.4ಕ್ಕೆ ಬಂತು, ಮಸಿ ನಿಲ್ತು. ಉರಿ ತಗ್ಗಿದ ಮೇಲೆ ಟ್ಯಾಂಕ್ ಕಾಯೋಕೆ ಟೈಮ್ ಹಿಡಿಯುತ್ತಲ್ಲ, ಐದಕ್ಕೆ ಹಚ್ತಿದ್ದ ಹುಡುಗ ಈಗ ನಾಲ್ಕೂವರೆಗೆ ಏಳ್ತಾನೆ, ಬೈಕೊಂಡೇ ಏಳ್ತಾನೆ.