ಶಿಲುಬೆಯ ದಿನವನ್ನು ಗಂಟೆ ಗಂಟೆಯಾಗಿ ಓದುವುದು ಹೇಗೆ

ಹದಿನಾಲ್ಕರ ವಯಸ್ಸಿನಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಯೇಸುವನ್ನು ಶಿಲುಬೆಗೆ ಹಾಕಿದ್ದು ಬೆಳಿಗ್ಗೆಯೋ, ಮಧ್ಯಾಹ್ನವೋ? ಪಾಠ ಹೇಳುತ್ತಿದ್ದವರು "ಅದೆಲ್ಲ ಕೇಳಬಾರದು" ಅಂದರು. ಕೇಳಲೇಬೇಕು. ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ವಾರ ನಾನು ಹೀಗೆ ಓದುತ್ತೇನೆ.

ಯಾವ ಗಂಟೆಗೆ ಏನಾಯಿತೆಂದು ಬರೆಯಲು ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ, ಯೇಸುವಿನ ಕಥೆ ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಿಗೆ ಒಂದೊಂದು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಪೆನ್ಸಿಲ್ಲೇ ಇರಲಿ, ಅಳಿಸುವುದು ಜಾಸ್ತಿ ಇರುತ್ತದೆ. ಬರೆಯುವ ಮೊದಲು ಎರಡು ಲೆಕ್ಕ ತಿಳಿದಿರಲಿ. ಆ ಕಾಲದವರು ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಿದ್ದರು. ಮೂರನೇ ಗಂಟೆ ಅಂದರೆ ನಮ್ಮ ಬೆಳಿಗ್ಗೆ ಒಂಬತ್ತು. ಕೆಲವು ಅನುವಾದಗಳು ಇದನ್ನು ಮೊದಲೇ ನಮ್ಮ ಗಡಿಯಾರಕ್ಕೆ ಬದಲಿಸಿರುತ್ತವೆ, ನೋಡಿಕೊಳ್ಳಿ. ಎರಡನೆಯದು, ಯೆಹೂದ್ಯರ ದಿನ ಸೂರ್ಯ ಮುಳುಗಿದಾಗ ಶುರುವಾಗುತ್ತದೆ. ಹಾಗಾಗಿ ಗುರುವಾರ ರಾತ್ರಿಯ ಊಟವೂ ಶುಕ್ರವಾರ ಮಧ್ಯಾಹ್ನದ ಸಾವೂ ಒಂದೇ ದಿನ!

ಮೊದಲು ಮಾರ್ಕನ 14, 15ನೇ ಅಧ್ಯಾಯ ಓದಿ. ಒಂಬತ್ತಕ್ಕೆ ಶಿಲುಬೆ. ಹನ್ನೆರಡರಿಂದ ಮೂರರವರೆಗೆ ಕತ್ತಲೆ. ಮೂರಕ್ಕೆ ಕೂಗು, ಆಮೇಲೆ ಸಾವು. ಹಿಂದಿನ ರಾತ್ರಿಯ ಊಟ ಪಸ್ಕದ ಊಟ, ಅಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಯೆಹೂದ್ಯರ ಹಬ್ಬದ ಊಟ. ಮತ್ತಾಯ, ಲೂಕ ಹೆಚ್ಚು ಕಡಿಮೆ ಇದೇ ದಾರಿ, ಬೇಗ ಮುಗಿಸಬಹುದು.

ಈಗ ಯೋಹಾನ 18, 19. ಇಲ್ಲಿ ನಿಧಾನಿಸಿ. ಮಧ್ಯಾಹ್ನ ಹನ್ನೆರಡಾದರೂ ಯೇಸು ಇನ್ನೂ ರೋಮನ್ ಅಧಿಪತಿ ಪಿಲಾತನ ಮುಂದೆಯೇ ಇದ್ದಾನೆ. ಪಸ್ಕದ ಊಟವೂ ಆಗಿಲ್ಲ. ಅದಕ್ಕೇ ಯೆಹೂದ್ಯರ ಮುಖಂಡರು, ಮೈಲಿಗೆಯಾದರೆ ಆ ಊಟ ಮಾಡುವಂತಿಲ್ಲವೆಂದು, ಪಿಲಾತನ ಅರಮನೆಯ ಒಳಗೆ ಕಾಲಿಡುವುದಿಲ್ಲ. ಅಂದರೆ ಅದು ಹಬ್ಬದ ಸಿದ್ಧತೆಯ ದಿನ, ಯೆಹೂದ್ಯರ ನೀಸಾನ್ ತಿಂಗಳ 14. ಅದೇ ಮಧ್ಯಾಹ್ನ ದೇವಾಲಯದಲ್ಲಿ ಪಸ್ಕದ ಕುರಿಮರಿಗಳನ್ನು ಕೊಯ್ಯುತ್ತಿದ್ದರು.

ಮಾರ್ಕ, ಯೋಹಾನರ ಅಂಕಣಗಳನ್ನು ಎಳೆದು ಜೋಡಿಸಲು ಹೋಗಬೇಡಿ. ನಾನು ಎಷ್ಟೋ ವರ್ಷ ಅದನ್ನೇ ಮಾಡಿದೆ. ಅದರ ಬದಲು ಯೋಹಾನನ ಪಕ್ಕ, ಮೊದಲ ಪಸ್ಕದ ಕಥೆ ಹೇಳುವ ಬೈಬಲಿನ ವಿಮೋಚನಕಾಂಡ 12 ತೆರೆದಿಡಿ. ಕುರಿಮರಿಯ ಎಲುಬು ಮುರಿಯಬಾರದು ಅನ್ನುತ್ತದೆ ಅದು. ಸೈನಿಕರು ಯೇಸುವಿನ ಕಾಲು ಮುರಿಯಲಿಲ್ಲ. ಹಿಸ್ಸೋಪ್ ಎಂಬ ಗಿಡದ ಬರಲಿನಿಂದ ಬಾಗಿಲಿಗೆ ರಕ್ತ ಹಚ್ಚಿ ಅನ್ನುತ್ತದೆ. ಯೇಸುವಿನ ಬಾಯಿಗೆ ಹುಳಿ ದ್ರಾಕ್ಷಾರಸ ಮುಟ್ಟಿಸಿದ್ದು ಹಿಸ್ಸೋಪಿನ ಮೇಲೆಯೇ. ಯೋಹಾನನ ಮೊದಲ ಅಧ್ಯಾಯದಲ್ಲೇ ಯೇಸುವನ್ನು ಕುರಿತು "ಇಗೋ, ದೇವರ ಕುರಿಮರಿ" ಎಂಬ ಮಾತು ಬಂದಿತ್ತು, ಅಲ್ವಾ? ಕುರಿಮರಿ ಕೊಯ್ಯುವ ಗಳಿಗೆಯ ಮೂಲಕವೇ ಯೋಹಾನ ಯೇಸುವಿನ ಸಾವಿನ ಅರ್ಥ ಹೇಳುತ್ತಿದ್ದಾನೆ. ಮಾರ್ಕನಲ್ಲಿ ಅದೇ ಕುರಿಮರಿಯ ಊಟದಲ್ಲಿ ಯೇಸು ರೊಟ್ಟಿ ಮುರಿದು "ಇದು ನನ್ನ ದೇಹ" ಅನ್ನುತ್ತಾನೆ. ಇಬ್ಬರೂ ಪಸ್ಕವನ್ನು ಬಿಟ್ಟು ಶಿಲುಬೆಯ ಮಾತು ಆಡುವುದಿಲ್ಲ.

ವರ್ಷದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಿಲಾತ ಅಧಿಕಾರದಲ್ಲಿದ್ದದ್ದು ಕ್ರಿ.ಶ. 26ರಿಂದ 36. ಹೆಚ್ಚಿನವರು ಒಪ್ಪುವುದು 30 ಅಥವಾ 33. ಯೇಸು ಎದ್ದದ್ದು "ಮೂರನೇ ದಿನ" ಅನ್ನುವುದಕ್ಕೆ ಎಪ್ಪತ್ತೆರಡು ತಾಸು ಹುಡುಕಬೇಡಿ. ಶುಕ್ರ, ಶನಿ, ಭಾನು, ತುಣುಕು ದಿನವೂ ಒಂದು ದಿನವೇ.

ಕೊನೆಗೆ, ಶುಕ್ರವಾರ ಮೂರು ಗಂಟೆಗೆ ಹಾಳೆ ಪಕ್ಕಕ್ಕಿಡಿ. ಮಾರ್ಕನ ಯೇಸು ಕೂಗಿದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಎಂಬ ಮಾತು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ಅಲ್ಲಿಗೇ ನಿಲ್ಲಿಸದೆ ಇಡೀ ಕೀರ್ತನೆಯನ್ನು ಗಟ್ಟಿಯಾಗಿ ಓದಿ. 24ನೇ ವಚನಕ್ಕೆ ಬಂದಾಗ ನನ್ನ ದನಿ ಇವತ್ತಿಗೂ ನಡುಗುತ್ತದೆ. ನೊಂದವನ ಮೊರೆಗೆ ದೇವರು ಕಿವಿಗೊಟ್ಟ ಎಂದು ಅಲ್ಲಿ ಬರೆದಿದೆ.