ಬೀರು ಹಿಂದಿನ ಬೂಷ್ಟು

ಮಳೆಗಾಲದಲ್ಲಿ ಒಂದು ದಿನ ಬೆಲ್ಟ್ ಬೇಕು ಅಂತ ಬೀರು ತೆಗೆದೆ. ಕಪ್ಪು ಬೆಲ್ಟ್ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು. ಬಟ್ಟೆಗೆಲ್ಲ ಮುಗ್ಗಲು ವಾಸನೆ. ಸಂಶಯ ಬಂದು ಬೀರು ಎಳೆದು ಹಿಂದೆ ಇಣುಕಿದರೆ ಗೋಡೆ ತುಂಬ ಕಪ್ಪು ಚುಕ್ಕೆ, ಮೊಣಕಾಲೆತ್ತರದವರೆಗೂ ಅವು ಒಂದಕ್ಕೊಂದು ಕೂಡಿಕೊಂಡು ತೇಪೆ ಹಾಕಿದ ಹಾಗಿದ್ದವು.

ಆಗ ನಾನು ಮಾಡಿದ್ದೆಲ್ಲ ತಪ್ಪೇ. ಒಣ ಬ್ರಷ್ ತಗೊಂಡು ಗಸಗಸ ಉಜ್ಜಿದೆ, ಹಾಗೆ ಉಜ್ಜಿದರೆ ಬೂಷ್ಟಿನ ಕಣ ಮನೆಯೆಲ್ಲ ಹಾರುತ್ತದೆ ಅಂತ ಯಾರಿಗೆ ಗೊತ್ತಿತ್ತು, ಎರಡು ದಿನ ಸೀನಿದ್ದೇ ಸೀನಿದ್ದು. ಆಮೇಲೆ ಬ್ಲೀಚ್ ಹಚ್ಚಿದೆ. ಕಲೆ ಮಾಯ! ಖುಷಿಯಿಂದ ಮೇಲೆ ಪೇಂಟ್ ಬಳಿದೆ. ಮುಂದಿನ ಮಳೆಗಾಲಕ್ಕೆ ಪೇಂಟ್ ಪದರ ಪದರವಾಗಿ ಎದ್ದು ಬಂತು, ಕೆಳಗೆ ಅದೇ ಕಪ್ಪು. ಬ್ಲೀಚ್ ಬಣ್ಣವನ್ನೇನೋ ತೆಗೆಯುತ್ತದೆ, ಆದರೆ ನೀರು ಹೀರುವ ಗೋಡೆಯ ಒಳಕ್ಕೆ ಇಳಿದದ್ದನ್ನು ಅದು ಸರಿಯಾಗಿ ಮುಟ್ಟುವುದಿಲ್ಲ. (ಬ್ಲೀಚ್ ಜೊತೆ ವಿನೆಗರ್, ಟಾಯ್ಲೆಟ್ ಕ್ಲೀನರ್, ಅಮೋನಿಯಾ ಯಾವುದನ್ನೂ ಬೆರೆಸಬೇಡಿ. ವಿಷದ ಗ್ಯಾಸ್ ಬರುತ್ತದೆ.)

ಎರಡನೇ ಸಲ ಮೊದಲು ನೀರಿನ ಮೂಲ ಹುಡುಕಿದೆ. ಒಂದಡಿ ಫಾಯಿಲ್ ಹಾಳೆ ಕತ್ತರಿಸಿ, ಗೋಡೆ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹಾಳೆಯ ಹಿಂಬದಿ ಒದ್ದೆಯಾದರೆ ಗೋಡೆಯೊಳಗಿಂದ ನೀರು ಜಿನುಗುತ್ತಿದೆ ಅಂತ, ಮುಂಬದಿ ಹನಿ ಕೂತರೆ ಕೋಣೆಯ ಗಾಳಿಯ ತೇವ ಅಂತ. ನಮ್ಮದು ಮುಂಬದಿಯೇ ಬೆವರಿತ್ತು. ಬೆರಳಲ್ಲಿ ಗೀಟು ಎಳೆದರೆ ನೀರು ಇಳಿಯಿತು. ಹಿಂಬದಿ ಪೂರ್ತಿ ಒಣ. ವಾಟರ್‌ಪ್ರೂಫಿಂಗ್ ಮಾಡಿಸೋಕೆ ಹೊರಟಿದ್ದೆ, ಆ ದುಡ್ಡು ಉಳಿಯಿತು.

ಗಾಳಿಯ ತೇವ ಶೇಕಡಾ ಎಷ್ಟು ಅಂತ ತೋರಿಸುವ ಪುಟ್ಟ ಮೀಟರ್ ತಂದಿಟ್ಟೆ. 82! ಅದು 60 ದಾಟದ ಹಾಗೆ ನೋಡಿಕೊಂಡರೆ ಬೂಷ್ಟು ಬೆಳೆಯುವುದು ಕಷ್ಟ. ಗಾಳಿಯಾಡಲಿ ಅಂತ ಮಳೆ ಸುರಿಯುವಾಗಲೂ ಕಿಟಕಿ ತೆಗೆದಿಡುತ್ತಿದ್ದೆ, ಆಗೆಲ್ಲ ಮೀಟರ್ ಏರುತ್ತಿತ್ತು. ಕೋಣೆಯೊಳಗೇ ಹಗ್ಗ ಕಟ್ಟಿ ಬಟ್ಟೆ ಹರವಿದ ರಾತ್ರಿ ಇನ್ನೂ ಜಾಸ್ತಿ. ಬಟ್ಟೆಯ ನೀರು ಹೋಗೋದು ಗಾಳಿಗೇ ಅಲ್ವಾ.

ಮಳೆ ಬಿಟ್ಟು ಬಿಸಿಲು ಬಂದ ದಿನ ಮಾಸ್ಕ್, ಗ್ಲೌಸ್ ಹಾಕಿಕೊಂಡು, ಕೋಣೆ ಬಾಗಿಲು ಮುಚ್ಚಿ, ಕಿಟಕಿ ತೆಗೆದು ಕೆಲಸಕ್ಕೆ ಇಳಿದೆ. ಎದ್ದ ಪೇಂಟನ್ನು ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆದೆ. ಸೋಪಿನ ನೀರಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆದೆ. ಗೋಡೆ ಪೂರ್ತಿ ಒಣಗುವವರೆಗೆ ಫ್ಯಾನ್ ಬಿಟ್ಟೆ, ಪೇಂಟ್ ಆಮೇಲೆ. ಬೀರು ಮಾತ್ರ ಹೊರಗೋಡೆಯಿಂದ ಒಳಗೋಡೆಗೆ ಬಂತು, ಅದೂ ನಾಲ್ಕು ಬೆರಳು ಜಾಗ ಬಿಟ್ಟು. ಅದರ ಮೇಲಿದ್ದ ರಟ್ಟಿನ ಡಬ್ಬಗಳೂ ಹೋದವು, ಸುಮ್ನೆ ತೇವ ಹೀರಿಕೊಂಡು ಕೂತಿದ್ದವು.

ಬಟ್ಟೆ ಒಣಗಿಸುವ ಕೋಣೆಗೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆದುಕೊಳ್ಳುವ ಮೆಷಿನ್, ತಂದೆ. ಬಾಗಿಲು ಕಿಟಕಿ ಮುಚ್ಚಿಟ್ಟರೆ ಮಾತ್ರ ಅದರಿಂದ ಪ್ರಯೋಜನ. ಬೆಳಿಗ್ಗೆ ಅದರ ತೊಟ್ಟಿ ಹೊರಗೆಳೆದಾಗ ತುಂಬಿರುವ ನೀರು ನೋಡಿದರೆ, ಇಷ್ಟೂ ನಮ್ಮ ಗೋಡೆಗೆ ಹೋಗುತ್ತಿತ್ತಲ್ಲ ಅನಿಸುತ್ತದೆ.

ಬಚ್ಚಲಿನ ಸೀಲಿಂಗ್ ಮೂಲೆಯಲ್ಲಿ ಮಾತ್ರ ಒಂದು ಚುಕ್ಕೆ ಇನ್ನೂ ಜಗ್ಗುತ್ತಿಲ್ಲ. ಸ್ನಾನ ಆದಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಹಾಕಿಟ್ಟರೆ ಸುಮ್ಮನಿರುತ್ತದೆ, ಒಂದು ವಾರ ಮರೆತರೆ ಹಾಜರ್.